ಗೊಂಡೆ ಬೇಲಿಗಲ್ಲ, ಮಡಿಗೆ

ಮೊನ್ನೆ ಒಂದು ಬದನೆ ಗಿಡ ಕಿತ್ತು ಪಕ್ಕದ ಗದ್ದೆಯ ಅಣ್ಣನಿಗೆ ಬೇರು ತೋರಿಸಿದೆ. ಬದನೆಯ ಬೇರಿನ ಹುಳಕ್ಕೆ ನಾನು ಗೊಂಡೆ, ಅಂದರೆ ಚೆಂಡು ಹೂವು, ನೆಟ್ಟಾಗ "ಹೂವಿಂದ ಹುಳ ಸಾಯ್ತದಾ ತಮ್ಮಾ?" ಅಂತ ನಾಲ್ಕು ವರ್ಷ ನಕ್ಕವರು ಅವರೇ. ಬೇರನ್ನು ತಿರುಗಿಸಿ ತಿರುಗಿಸಿ ನೋಡಿದರು. ತುದಿಯಲ್ಲಿ ರಾಗಿ ಕಾಳಿನಷ್ಟು ಎರಡು ಗಂಟು, ಅಷ್ಟೇ. ಮೊದಲು ಇದೇ ಬೇರು ಶುಂಠಿಯ ಹಾಗೆ ಊದಿಕೊಂಡು, ಮಧ್ಯಾಹ್ನವಾದರೆ ಗಿಡ ತಲೆ ಜೋತು ಹಾಕುತ್ತಿತ್ತು.

ನಮ್ಮದು ಗೋಕರ್ಣದ ಕಡೆಯ ಉಸುಕು ಮಣ್ಣು, ಹತ್ತು ಗುಂಟೆ ಎತ್ತರದ ಮಕ್ಕಿ ಗದ್ದೆ. ಬೇರಲ್ಲಿ ಗಂಟು ಎಬ್ಬಿಸುವ, ಕಣ್ಣಿಗೆ ಕಾಣದ ಬೇರುಗಂಟು ಹುಳಕ್ಕೆ (ನೆಮಟೋಡ್) ಮಾವನ ಮನೆ ಇದ್ದ ಹಾಗೆ.

ಮೊದಲ ವರ್ಷ ಬದನೆ ಮಡಿಯ, ಅಂದರೆ ಪಾತಿಯ, ಸುತ್ತ ಒಂದು ಸಾಲು ಗೊಂಡೆ ಹಾಕಿದೆ. ನೋಡಲು ಚಂದ ಇತ್ತು. ಟೊಮೆಟೊ ಕಾಯಿಕೊರಕಕ್ಕಾದರೆ ಆ ಸಾಲು ಸರಿ, ಪತಂಗ ಗೊಂಡೆ ಹೂವಿಗೇ ಹೋಗಿ ಮೊಟ್ಟೆ ಇಡುತ್ತದೆ. ಮಣ್ಣೊಳಗಿನ ಹುಳಕ್ಕೆ ಬೇಲಿ ಲೆಕ್ಕಕ್ಕಿಲ್ಲ. ಎರಡನೇ ವರ್ಷ ಒಣ ಗಿಡ ಪುಡಿ ಮಾಡಿ ಹಾಕಿದೆ, ಬಚ್ಚಲ ಹಂಡೆಯಲ್ಲಿ ಎಲೆ ಕುದಿಸಿ ಸುರಿದೆ. ಹೆಂಡತಿಯಿಂದ ಬೈಸಿಕೊಂಡಿದ್ದೇ ಲಾಭ. ಕೊನೆಗೆ ಹೆದರಿ ಮಣ್ಣಿಗೆ ಹಾಕುವ ಗುಳಿಗೆ ಔಷಧಿಯನ್ನೂ ತಂದೆ. ಒಟ್ಟು 15 ಸಾವಿರದ ಹತ್ತಿರ ಹೋಯಿತು.

ಹುಳಕ್ಕೆ ವಿಷವಾಗುವ ಆಲ್ಫಾ ಟರ್ಥಿಯೆನೈಲ್ ಅನ್ನುವ ರಾಸಾಯನಿಕ ಇರುವುದು ಗೊಂಡೆಯ ಬೇರಿನಲ್ಲಿ. ಜೀವ ಇರುವ ಬೇರಿಗೆ ಹುಳ ನುಗ್ಗಬೇಕು, ಅಲ್ಲೇ ಸಿಕ್ಕಿಬೀಳಬೇಕು. ಅಂದ ಮೇಲೆ ಮಡಿ ತುಂಬ ಬೇರು ಬೇಕು, ಅಲ್ವಾ? ಮೂರನೇ ವರ್ಷ ಹಾಗೇ ಮಾಡಿದೆ, ಆದರೆ ಜುಲೈಯಲ್ಲಿ. ಮಳೆಗೆ ಅರ್ಧಕ್ಕಿಂತ ಜಾಸ್ತಿ ಕೊಳೆಯಿತು.

ಕಳೆದ ಸಲ ನಾಗರಪಂಚಮಿ ಕಳೆದ ಮೇಲೆ ನೆಟ್ಟೆ. ಎತ್ತರದ ಮಡಿ, ಗೇಣಿಗೊಂದು ಗಿಡ. ಕಳೆ ಒಂದೂ ಬಿಡಲಿಲ್ಲ. ಬಿಟ್ಟರೆ ಹುಳ ಕಳೆಯ ಬೇರಲ್ಲಿ ಆರಾಮಾಗಿ ಕೂತಿರುತ್ತದೆ. ಕೂಲಿಯೇ ಏಳೆಂಟು ಸಾವಿರ ಆಯಿತು. ಹೂವು ಎರಡೂವರೆ ಕ್ವಿಂಟಲ್ ಬಂತು. ದಸರೆಗೆ ಕೆಜಿಗೆ 70 ಸಿಕ್ಕಿತು. ದೀಪಾವಳಿಗೆ ಘಟ್ಟದ ಮೇಲಿನ ಹೂವಿನ ಗಾಡಿಗಳು ಇಳಿದವು ನೋಡಿ, 30ಕ್ಕೂ ಕೇಳುವವರಿಲ್ಲ. ಉಳಿದದ್ದನ್ನೆಲ್ಲ ದನಗಳ ಕೊರಳಿಗೆ ಕಟ್ಟಿದೆವು. ಹೇಗೋ ಖರ್ಚು ಹುಟ್ಟಿತು.

ಹಬ್ಬ ಮುಗಿದ ಮೇಲೆ ಗಿಡ ಕೀಳಲಿಲ್ಲ. ಕತ್ತಿಯಿಂದ ನೆಲಮಟ್ಟಕ್ಕೆ ಕಡಿದು, ಬೇರು ಅಲ್ಲೇ ಕೊಳೆಯಲು ಬಿಟ್ಟೆ. ಎರಡು ವಾರ ಬಿಟ್ಟು ಅದೇ ಮಡಿಯಲ್ಲಿ ಬದನೆ ನೆಟ್ಟೆ. ಮೊದಲೆಲ್ಲ ಫೆಬ್ರವರಿಗೆ ಮುಗಿಯುತ್ತಿದ್ದ ಬದನೆ ಏಪ್ರಿಲ್ ಕೊನೆವರೆಗೂ ಬಿಟ್ಟಿತು. ದುಡ್ಡು ಸಿಕ್ಕಿದ್ದು ಆ ಎರಡು ತಿಂಗಳಲ್ಲಿ.

ನಡುವೆ, ಹೀರೆಕಾಯಿ ಕೊಳೆಸುವ ಹಣ್ಣುನೊಣ ಹಿಡಿಯಲು ತುಳಸಿಯ ಹುಚ್ಚೂ ಹಿಡಿದಿತ್ತು. ಎಲೆ ಜಜ್ಜಿ ಕರಟದಲ್ಲಿಟ್ಟು ಹೀರೆ ಚಪ್ಪರಕ್ಕೆ ಕಟ್ಟಿದೆ. ನೊಣ ಮುತ್ತಿದವು, ಹೀರೆ ಮಾತ್ರ ಕೊಳೆಯುತ್ತಲೇ ಇತ್ತು. ತುಳಸಿಯ ವಾಸನೆಯಲ್ಲಿರುವ ಮಿಥೈಲ್ ಯೂಜಿನಾಲಿಗೆ ಬರುವುದು ಮಾವಿನ ನೊಣ, ಅದೂ ಗಂಡು. ಹೀರೆಯ ನೊಣಕ್ಕೆ ಕ್ಯೂಲೂರ್ ಅನ್ನುವ ಬೇರೆ ವಾಸನೆಯ ಆಮಿಷ ಬೇಕು. ಈಗ ಆ ಕರಟಗಳು ಈಶಾಡು ಮಾವಿನ ಮರದಲ್ಲಿ ನೇತಾಡುತ್ತಿವೆ.

ಅಣ್ಣ ಬೀಜ ಕೇಳಿದ್ದಾರೆ. ಸಣ್ಣ ಕೆಂಪು ಹೂವಿನದು ಒಂದು ಮುಷ್ಟಿ ಕೊಡುತ್ತೇನೆ. ಮಳೆಯಲ್ಲಿ ಸಸಿ ಕೊಳೆಯದಂತೆ ಉಳಿಸಿದ್ದು ಹೇಗೆ ಅನ್ನುವುದನ್ನು ಮಾತ್ರ ಈ ವರ್ಷ ಹೇಳುವುದಿಲ್ಲ. ನಾಲ್ಕು ವರ್ಷ ನಕ್ಕಿದ್ದಾರಲ್ಲ.