ಅಗ್ಗದ ಟಿಕೆಟ್‌ನಲ್ಲಿ ಮೊಣಕಾಲು ಉಳಿಸಿಕೊಳ್ಳುವುದು ಹೇಗೆ?

ತುಮಕೂರು, ಕೋಲಾರದ ಕಡೆಯಿಂದ ಹೊರದೇಶಕ್ಕೆ ಹೊರಡುವ ಹಿರಿಯರು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಗಂಟೆಗಟ್ಟಲೆ ಮೊದಲೇ ಹೋಗಿ ಕೂರುತ್ತಾರೆ. ಸೀಟು ಯಾವುದು ಅಂದರೆ ಮಾತ್ರ, 'ಅವರು ಕೊಟ್ಟಿದ್ದು' ಅನ್ನುತ್ತಾರೆ. ಎಡವುವುದು ಅಲ್ಲೇ.

ಮೊದಲು ಅಂತರ ನೋಡಿ. ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿಗೆ ಅಗ್ಗದ ವಿಮಾನಗಳಲ್ಲಿ ಸಾಮಾನ್ಯವಾಗಿ 28–29 ಇಂಚು, ಉಳಿದವುಗಳಲ್ಲಿ 31–32. ಮೂರು ಇಂಚು ತಾನೇ ಅನ್ನಬೇಡಿ. ಎತ್ತರದವರ ಮೊಣಕಾಲು ಅಷ್ಟರಲ್ಲೇ ಉಳಿಯುತ್ತದೆ.

ಇನ್ನು ಸೀಟು ಆರಿಸುವುದು. ತುರ್ತು ಬಾಗಿಲ ಸಾಲಿನಲ್ಲಿ ಕಾಲಿಗೆ ಜಾಗ ಜಾಸ್ತಿ, ಆದರೆ ಎಲ್ಲರಿಗೂ ಕೊಡುವುದಿಲ್ಲ. ಮಕ್ಕಳು, ಗರ್ಭಿಣಿಯರು, ಬಾಗಿಲು ತೆಗೆಯಲು ಕಸುವಿಲ್ಲದವರು ಅಲ್ಲಿ ಕೂರುವಂತಿಲ್ಲ. ರೆಕ್ಕೆಯ ಮೇಲೆ ಅಂಥ ಎರಡು ಸಾಲಿದ್ದರೆ ಹಿಂದಿನದನ್ನೇ ಕೇಳಿ. ಮುಂದಿನದು ಸಾಮಾನ್ಯವಾಗಿ ಹಿಂದಕ್ಕೆ ಒರಗುವುದಿಲ್ಲ. ಮೊಟ್ಟಮೊದಲ ಸಾಲಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಎದುರಿಗೆ ಗೋಡೆ, ಕಾಲು ಪೂರ್ತಿ ಚಾಚಲಾಗದು. ಊಟದ ತಟ್ಟೆಯ ಹಲಗೆ ಸೀಟಿನ ತೋಳಿನೊಳಗೇ (ಕೈ ಊರುವ ಪಟ್ಟಿ) ಮಡಿಸಿರುವುದರಿಂದ ಆ ತೋಳು ಮೇಲೇಳುವುದೂ ಇಲ್ಲ. ಕೊನೆಯ ಸಾಲಂತೂ ಬೇಡವೇ ಬೇಡ. ಒರಗುವುದಿಲ್ಲ, ಪಕ್ಕದಲ್ಲೇ ಶೌಚಾಲಯದ ಕ್ಯೂ.

ಕಿಟಕಿಯೋ ಓಡಾಡುವ ದಾರಿಯ ಪಕ್ಕವೋ? ದಾರಿಯ ಪಕ್ಕ, ಕಣ್ಣು ಮುಚ್ಚಿಕೊಂಡು. ಆ ಬದಿಯ ತೋಳು ಗಟ್ಟಿ ಕೂತಿದ್ದರೆ ಅದರ ಅಡಿಗೆ, ಹಿಂಬದಿಯ ಕೀಲಿನ ಹತ್ತಿರ ಬೆರಳಾಡಿಸಿ. ಹಲವು ವಿಮಾನಗಳಲ್ಲಿ ಅಲ್ಲೊಂದು ಸಣ್ಣ ಗುಂಡಿ ಸಿಗುತ್ತದೆ. ಒತ್ತಿ ಹಿಡಿದರೆ ತೋಳು ಮೇಲೇಳುತ್ತದೆ, ಸೊಂಟಕ್ಕೆ ಉಸಿರು ಬರುತ್ತದೆ. ವಿಮಾನ ಏರುವಾಗ, ಇಳಿಯುವಾಗ ಮಾತ್ರ ಕೆಳಗೇ ಇರಲಿ.

ಬ್ಯಾಗ್ ತಲೆಯ ಮೇಲಿನ ಗೂಡಿಗೆ. ಕಾಲ ಬಳಿ ಇಟ್ಟರೆ ಇದ್ದ ಜಾಗವೂ ಹೋಯಿತು. (ಅಂದಹಾಗೆ, ಬೀಗರಿಗೆ ಅಂತ ತಿಪಟೂರಿನ ಒಣಕೊಬ್ಬರಿ ತುರುಕಬೇಡಿ. ಎಣ್ಣೆ ಅಂಶ ಇರುವುದರಿಂದ ಬೇಗ ಹೊತ್ತಿಕೊಳ್ಳುತ್ತದೆ ಅಂತ ತಪಾಸಣೆಯಲ್ಲಿ ತೆಗೆಸುತ್ತಾರೆ.)

ಗಾಳಿ ತುಂಬುವ ಕುತ್ತಿಗೆ ದಿಂಬು ದಂಡ. ಟವೆಲ್ ಸುತ್ತಿ ಸೊಂಟದ ಹಿಂದೆ ಇಟ್ಟುಕೊಳ್ಳಿ, ಸಾಕು. ಮುಂದಿನ ಸೀಟು ಒರಗದಂತೆ ತಡೆಯುವ ಪ್ಲಾಸ್ಟಿಕ್ ಕ್ಲಿಪ್ಪನ್ನಂತೂ ಮುಟ್ಟಬೇಡಿ. ಜಗಳ ಗ್ಯಾರಂಟಿ.

ಪಾದ ಊದುತ್ತದೆ, ಹಾಗಾಗಿ ಸಡಿಲ ಚಪ್ಪಲಿ. ಗಂಟೆಗೊಮ್ಮೆ ಎದ್ದು ನಡೆಯಿರಿ. ಆಗದಿದ್ದರೆ ಕೂತಲ್ಲೇ ಹಿಮ್ಮಡಿ, ಬೆರಳು ಏರಿಳಿಸಿ. ನಾಲ್ಕು ಗಂಟೆಗೂ ಮೀರಿ ಅಲ್ಲಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಹಿಂದೆ ಹಾಗಾಗಿದ್ದವರು, ಇತ್ತೀಚೆಗೆ ಆಪರೇಷನ್ ಆದವರು ಬಿಗಿ ಸಾಕ್ಸ್ ಬೇಕೇ ಅಂತ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಅಂಗಡಿಯಲ್ಲಿ ಅಂದಾಜಿನ ಸೈಜು ತರಬೇಡಿ, ಕಾಲಿನ ಅಳತೆ ಕೊಟ್ಟೇ ತನ್ನಿ.