ಘಾಟಿ ದಾರಿಗೆ ಒಂದು ಸ್ಪೋರ್ಟ್ ಟೂರರ್: ನಾನು ಬೈಕ್ ಆರಿಸಿದ ಬಗೆ

ಬೈಕ್ ನೋಡಲು ಹೋಗುವ ಮೊದಲು ನಾನು ಮಾಡಿದ ಕೆಲಸ ಒಂದೇ. ನಾನು ಓಡಾಡುವ ರಸ್ತೆಗಳನ್ನು ಹಾಳೆಯ ಮೇಲೆ ಬರೆದುಕೊಂಡೆ. ಹಾಸನದಿಂದ ಸಕಲೇಶಪುರ, ದೋಣಿಗಾಲ್, ಶಿರಾಡಿ ಇಳಿದು ಮಂಗಳೂರು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಕೆಳಗೆ ಧರ್ಮಸ್ಥಳ. ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರು ದಾಟಿ ಶೃಂಗೇರಿ. ಆಗಾಗ ಬೆಂಗಳೂರು. ಪಟ್ಟಿ ಮುಗಿದ ಮೇಲೆ ಟಾಪ್ ಸ್ಪೀಡಿನ ಲೆಕ್ಕವನ್ನೇ ಬಿಟ್ಟೆ. ನಾಲ್ಕು ಪಥದ ಹೆದ್ದಾರಿಯಲ್ಲೂ ಬೈಕಿಗೆ ಇರುವ ಮಿತಿ ಗಂಟೆಗೆ 80 ಕಿಲೋಮೀಟರ್. ಘಾಟಿಯಲ್ಲಿ ಮೂವತ್ತು, ನಲವತ್ತು. ನಮ್ಮ ಕಡೆ ಬೈಕ್ ಚೆನ್ನಾಗಿ ಓಡಬೇಕಾದ್ದು ಈ ಮಧ್ಯದ ವೇಗದಲ್ಲಿ.

ಸ್ಪೋರ್ಟ್ ಟೂರಿಂಗ್ ಅಂದರೆ ದೂರವೂ ಹೋಗಬೇಕು, ತಿರುವಿನಲ್ಲಿ ಖುಷಿಯೂ ಸಿಗಬೇಕು. 1976ರಲ್ಲಿ ಬಂದ ಬಿಎಂಡಬ್ಲ್ಯು ಆರ್100ಆರ್‌ಎಸ್‌ನಿಂದ ಈ ಜಾತಿ ಶುರುವಾಯಿತು ಅಂತ ಬಹಳ ಜನ ಹೇಳುತ್ತಾರೆ. ಗಾಳಿ ಸುರಂಗದಲ್ಲಿ ಪರೀಕ್ಷಿಸಿ ಮಾಡಿದ ಪೂರ್ತಿ ಫೇರಿಂಗ್ (ಗಾಳಿ ತಡೆಯುವ ಹೊರಕವಚ) ಅದರ ವಿಶೇಷ. ಆಮೇಲೆ ಯಮಹಾ ಎಫ್‌ಜೆಆರ್1300 ತರಹದವು ಬಂದವು. ಅದರ ತೂಕ ಸುಮಾರು 290 ಕೆಜಿ. ಯುರೋಪಿನ ಹೆದ್ದಾರಿಗೆ ಅದು ಸರಿ. ಚಾರ್ಮಾಡಿಯ ಹೇರ್‌ಪಿನ್ನಿನಲ್ಲಿ, ಎದುರಿಗೆ ಬಸ್ಸು ಬಂದು ನಿಂತಾಗ, ಅಷ್ಟು ತೂಕ ಹಿಡಿದುಕೊಂಡು ನಿಲ್ಲುವುದು ಬೇಡವೇ ಬೇಡ. ನಮ್ಮ ಹುಡುಗರಿಗೆ ಇದರ ರುಚಿ ಹತ್ತಿಸಿದ್ದು 2003ರ ಹೀರೋ ಹೋಂಡಾ ಕರಿಜ್ಮಾ. 223 ಸಿಸಿ, 15 ಲೀಟರ್ ಟ್ಯಾಂಕ್. ನನಗೂ ಹತ್ತಿದ್ದು ಅಲ್ಲಿಂದಲೇ.

ನಾನು ಮೊದಲು ನೋಡಿದ್ದು ಎಳೆತ. ಶಿರಾಡಿ ಹತ್ತುವಾಗ ಮುಂದೆ ಗ್ಯಾಸ್ ಟ್ಯಾಂಕರ್ ಇರುತ್ತದೆ. ಮೂರನೇ ಗೇರಿನಲ್ಲಿ ಮೂವತ್ತೈದರಲ್ಲಿ ಅದರ ಹಿಂದೆ ಹೋಗುತ್ತಿರುತ್ತೀರಿ. ರಸ್ತೆ ನೇರ ಆಗುತ್ತದೆ, ಎದುರು ಏನೂ ಇಲ್ಲ. ಆಗ ಗೇರ್ ಇಳಿಸದೆ ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಹೋಗಬೇಕು. ಬೈಕ್ ಕೊಳ್ಳುವ ಮುನ್ನ ಸಿಕ್ಕ ಪ್ರತಿ ಬೈಕಲ್ಲೂ ಇದನ್ನೇ ಮಾಡಿ ನೋಡಿದೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು. ಸ್ನೇಹಿತನ ಕೆಟಿಎಂ 390 ಅಡ್ವೆಂಚರ್ ಒಬ್ಬನೇ ಓಡಿಸಿದಾಗ ಬೆಣ್ಣೆ. 373 ಸಿಸಿ, 37 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ಎಳೆತದ ಬಲ), ಆದರೆ ಅದು ಪೂರ್ತಿ ಸಿಗುವುದು 7,000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಇಬ್ಬರು, ಜೊತೆಗೆ ಬ್ಯಾಗು ಅಂದಾಗ ಪ್ರತಿ ತಿರುವಿಗೂ ಗೇರ್ ಇಳಿಸಬೇಕು. ಇಂಟರ್‌ಸೆಪ್ಟರ್ 650 ಅನ್ನುವ ರಾಯಲ್ ಎನ್‌ಫೀಲ್ಡ್ ಬೈಕಿನಲ್ಲಿ ಈ ತೊಂದರೆ ಇಲ್ಲ. 52 ನ್ಯೂಟನ್ ಮೀಟರ್, ಅದೂ 5,250 ಆರ್‌ಪಿಎಂಗೇ. ಎಂಜಿನ್ ಮನಸ್ಸಿಗೆ ಬಹಳ ಹಿಡಿಸಿತು. ಆದರೆ ಎದೆಗೆ ನೇರ ಗಾಳಿ, 13.7 ಲೀಟರಿನ ಟ್ಯಾಂಕ್. ಹಿಂದಿನ ಶಾಕ್ ಅಬ್ಸಾರ್ಬರ್ ಗುಂಡಿಗೆ ಬಿದ್ದಾಗ ಬೆನ್ನಿಗೆ ಹೊಡೆಯುತ್ತದೆ.

ರಾಯಲ್ ಎನ್‌ಫೀಲ್ಡಿನದೇ ಹಿಮಾಲಯನ್ 450ನೂ ಒಳ್ಳೆಯ ಬೈಕೇ. ತೋಟದ ಒಳಗಿನ ಮಣ್ಣು ರಸ್ತೆ ಜಾಸ್ತಿ ಇರುವವರು ಕಣ್ಣು ಮುಚ್ಚಿ ಅದನ್ನು ತಗೊಳ್ಳಬಹುದು. ಮುಂದಿನ ಚಕ್ರ 21 ಇಂಚು. ಕಲ್ಲು ಗುಂಡಿಗೆ ಅದು ವರ, ಡಾಂಬರಿನ ತಿರುವಿನಲ್ಲಿ ಮಾತ್ರ ನಿಧಾನವಾಗಿ ವಾಲುತ್ತದೆ. ನನಗೆ ಬೇಕಿದ್ದದ್ದು ಎರಡೂ ಕಡೆ 17 ಇಂಚು.

ಹಾಗೆ ನೋಡಿದರೆ ಕವಾಸಕಿಯ ನಿಂಜಾ 650 ಸರಿಯಾದ ಸ್ಪೋರ್ಟ್ ಟೂರರ್. ನೋಡಲು ಹೋದಾಗ ಮನೆಯವಳನ್ನೂ ಕರೆದುಕೊಂಡು ಹೋಗಿದ್ದೆ. ಹಿಂದಿನ ಸೀಟಿನ ಮೇಲೆ ಕೂತು ಎರಡು ನಿಮಿಷಕ್ಕೇ ಇಳಿದಳು. "ಇದ್ರ ಮೇಲೆ ಧರ್ಮಸ್ಥಳದವರೆಗೂ ಆಗಲ್ಲ ರೀ, ಮೊಣಕಾಲು ಗಲ್ಲಕ್ಕೆ ಬರುತ್ತೆ" ಅಂದಳು. ಅವಳ ಮಾತು ನ್ಯಾಯ. ನನಗೂ ಇನ್ನೊಂದು ತಕರಾರಿತ್ತು. ಅದರ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ತಳಕ್ಕಿರುವ ಅಂತರ, 130 ಮಿಲಿಮೀಟರ್. ಊರೂರಿಗೂ ಹಾಕಿರುವ ಹಂಪುಗಳ ಮೇಲೆ ಇಬ್ಬರ ಭಾರದಲ್ಲಿ ಎಂಜಿನ್ ತಳ ತಾಗಿದರೆ ಏನು ಮಾಡುವುದು?

ನಿಂಜಾದ ಅದೇ 649 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಇರುವ ಕವಾಸಕಿ ವರ್ಸಿಸ್ 650 ನನ್ನ ಹುಡುಕಾಟಕ್ಕೆ ಉತ್ತರವಾಯಿತು. ನೋಡಲು ಅಡ್ವೆಂಚರ್ ಬೈಕಿನ ಹಾಗೆ ಎತ್ತರ. ಆದರೆ ಚಕ್ರಗಳು 17 ಇಂಚು, ಟೈರ್ ಅಳತೆ 120/70 ಮತ್ತು 160/60, ಅಂದರೆ ರಸ್ತೆ ಬೈಕಿನದೇ. ಕ್ಲಿಯರೆನ್ಸ್ 170 ಮಿಲಿಮೀಟರ್. 21 ಲೀಟರ್ ಟ್ಯಾಂಕ್. ನನ್ನ ಕೈಯಲ್ಲಿ ಲೀಟರಿಗೆ ಇಪ್ಪತ್ತರ ಮೇಲೆ ಕೊಡುತ್ತದೆ, ಹಾಗಾಗಿ ಮಂಗಳೂರಿಗೆ ಹೋಗಿ ಬರಲು ಒಂದೇ ಟ್ಯಾಂಕ್ ಸಾಕು. ಗಾಳಿ ತಡೆಯುವ ಗಾಜನ್ನು ಮೇಲೆ ಕೆಳಗೆ ಮಾಡಬಹುದು. ತೂಕ ಸುಮಾರು 219 ಕೆಜಿ, ಸೀಟಿನ ಎತ್ತರ 845 ಮಿಲಿಮೀಟರ್. ನಾನು ಐದು ಅಡಿ ಎಂಟು ಇಂಚು. ಎರಡೂ ಪಾದ ಪೂರ್ತಿ ಊರುವುದಿಲ್ಲ. ನಿಲ್ಲಿಸುವಾಗ ಸ್ವಲ್ಪ ಎಡಕ್ಕೆ ಸರಿದು ಎಡಗಾಲು ಪೂರ್ತಿ ಊರುತ್ತೇನೆ. ಇಳಿಜಾರಿನಲ್ಲಿ ನಿಲ್ಲಿಸುವ ಮೊದಲು ಕಾಲಿಡುವ ಜಾಗ ಕಣ್ಣಲ್ಲೇ ಹುಡುಕಿಕೊಳ್ಳುತ್ತೇನೆ.

ಹೊಸದರ ಬೆಲೆ ನನಗೆ ಎಟುಕುವಂಥದ್ದಲ್ಲ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕಿದೆ. ಈಗ ಹೊಸದು ಕೊಳ್ಳುವವರು ಒಂದು ಲೆಕ್ಕ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇಕಡಾ 18, ಅದಕ್ಕಿಂತ ದೊಡ್ಡದಕ್ಕೆ 40. ಇನ್ನೊಂದು, ವರ್ಸಿಸ್‌ಗೆ ಟ್ರಾಕ್ಷನ್ ಕಂಟ್ರೋಲ್ (ವೇಗ ಹೆಚ್ಚಿಸುವಾಗ ಹಿಂದಿನ ಚಕ್ರ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ಬಂದದ್ದು 2022ರ ಮಾಡೆಲ್‌ನಿಂದ. ನಾನು ಹಳೆಯದನ್ನೇ ಒಪ್ಪಿಕೊಂಡೆ. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮಾತ್ರ ಇರಲೇಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಬೈಕ್ ನೋಡಲು ಬೆಳಿಗ್ಗೆಯೇ ಹೋದೆ. ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮಾಲೀಕರಿಗೆ ಫೋನಿನಲ್ಲೇ ಹೇಳಿದ್ದೆ. ತಣ್ಣಗಿರುವ ಎಂಜಿನ್ ಹೇಗೆ ಏಳುತ್ತದೆ ಅನ್ನುವುದು ಮುಖ್ಯ. ಮುಂದಿನ ಫೋರ್ಕಿನ ಕೊಳವೆಗೆ ಬೆರಳು ಆಡಿಸಿದೆ, ಎಣ್ಣೆ ಜಿನುಗಿರಲಿಲ್ಲ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿದೆ. ಮಧ್ಯದಲ್ಲಿ ಎಲ್ಲಾದರೂ ಹಿಡಿದ ಹಾಗೆ ಆದರೆ ಬೇರಿಂಗ್ ಸವೆದಿದೆ ಅಂತ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೆರೆಗಳು ಆಳವಾಗಿ ಕಂಡರೂ ಹಳೆಯ ರಬ್ಬರು ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿತ ಸಿಗುವುದಿಲ್ಲ. ನನ್ನ ಬೈಕಿನ ಟೈರ್ ಹಾಗೇ ಇತ್ತು. ಹೊಸ ಜೋಡಿಯ ದುಡ್ಡನ್ನು ಬೆಲೆಯಲ್ಲಿ ಇಳಿಸಿಕೊಂಡೆ. ಚಾಸಿ ನಂಬರನ್ನು ಆರ್‌ಸಿ ಜೊತೆ ಹೋಲಿಸಿ ನೋಡಿದ ಮೇಲೆ ಮಾಲೀಕತ್ವ ಬದಲಾವಣೆಯ ಫಾರಂ 29, 30ಕ್ಕೆ ಇಬ್ಬರೂ ಸಹಿ ಹಾಕಿದೆವು.

ತಂದ ಮೇಲೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಹಿಂದಿನ ಸಸ್ಪೆನ್ಷನ್ನಿನ ಸ್ಪ್ರಿಂಗ್ ಬಿಗಿ, ಸಡಿಲ ಮಾಡುವ ಗುಂಡಿ. ಸ್ಪ್ಯಾನರ್ ಬೇಡ, ಕೈಯಲ್ಲೇ ತಿರುಗಿಸಬಹುದು. ಇಬ್ಬರು ಕೂತು ಬ್ಯಾಗ್ ಕಟ್ಟಿದಾಗ ಗಾಡಿಯ ಹಿಂಭಾಗ ಕುಸಿಯುತ್ತದೆ, ಮುಂಭಾಗ ಹಗುರಾಗುತ್ತದೆ. ತಿರುವಿನಲ್ಲಿ ಬೈಕ್ ನಾವು ಅಂದುಕೊಂಡದ್ದಕ್ಕಿಂತ ಹೊರಗೆ ಓಡುತ್ತದೆ. ಸಂಜೆ ಆದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ: ಹೆಡ್‌ಲೈಟ್ ಬೆಳಕು ರಸ್ತೆ ಬಿಟ್ಟು ಮರದ ಕೊಂಬೆಗೆ ಬೀಳುತ್ತಿರುತ್ತದೆ. ಗುಂಡಿ ಬಿಗಿ ಮಾಡಿದರೆ ಬೆಳಕು ಕೆಳಗೆ ಬರುತ್ತದೆ, ತಿರುವೂ ಸರಿಯಾಗುತ್ತದೆ. ಒಬ್ಬನೇ ಹೊರಟಾಗ ಮತ್ತೆ ಸಡಿಲ ಮಾಡುತ್ತೇನೆ.

ಸಾಮಾನಿನಲ್ಲಿ ಭಾರದ್ದನ್ನು ಪಕ್ಕದ ಪೆಟ್ಟಿಗೆಗಳಲ್ಲಿ ಕೆಳಗೆ ಇಡುತ್ತೇನೆ. ಹಿಂದಿನ ಟಾಪ್ ಬಾಕ್ಸಿನಲ್ಲಿ ರೇನ್‌ಕೋಟು, ಬಟ್ಟೆ ಅಷ್ಟೇ. ಆಯಿಲ್, ಬ್ರೇಕ್ ಪ್ಯಾಡ್ ಕೆಲಸ ಹಾಸನದಲ್ಲೇ ಆಗುತ್ತದೆ, ದೊಡ್ಡ ಸರ್ವಿಸ್‌ಗೆ ಬೆಂಗಳೂರು. ಚೈನಿಗೆ ಸುಮಾರು 500 ಕಿಲೋಮೀಟರಿಗೊಮ್ಮೆ ಲ್ಯೂಬ್ ಹಾಕುತ್ತೇನೆ, ಮಳೆಯಲ್ಲಿ ಓಡಿಸಿದ ದಿನ ಮನೆಗೆ ಬಂದ ಕೂಡಲೇ. ಕತ್ತಲಾದ ಮೇಲೆ ಆಲೂರು–ಸಕಲೇಶಪುರದ ಒಳರಸ್ತೆ ಹಿಡಿಯುವುದಿಲ್ಲ, ಅಲ್ಲಿ ಆನೆಗಳ ಓಡಾಟ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ನೆರಳಿನ ತಿರುವುಗಳಲ್ಲಿ ಪಾಚಿ ಕಟ್ಟಿರುತ್ತದೆ. ಅದಕ್ಕೇ ಹೊಸ ಟೈರ್ ಹಾಕಿಸುವಾಗ ಒದ್ದೆ ರಸ್ತೆಗೆ ಹೊಂದುವ ಸ್ಪೋರ್ಟ್ ಟೂರಿಂಗ್ ಟೈರನ್ನೇ ಕೇಳಿ ಹಾಕಿಸಿದೆ. ಗಾಳಿಯನ್ನು ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ನೋಡುತ್ತೇನೆ. ಇಬ್ಬರು ಹೋಗುವಾಗ ಎಷ್ಟಿರಬೇಕು ಅನ್ನುವುದು ಬೈಕಿನ ಪುಸ್ತಕದಲ್ಲೇ ಇದೆ.