ಹೋಂಸ್ಟೇ ವೆಬ್‌ಸೈಟಿಗೆ ಆಡಿಯೋ ಹಾಕುವವರಿಗೆ

ಮೂಡಿಗೆರೆ, ಸಕಲೇಶಪುರ ಕಡೆ ಹೋಂಸ್ಟೇ ನಡೆಸೋರು ಸೈಟ್ ತೆರೆದ ಕೂಡಲೇ ಹಾಡು ಬರಬೇಕು ಅಂತಾರೆ. ದಯವಿಟ್ಟು ಬೇಡ. ನೋಡುವವರು ಪುಟವನ್ನು ಮುಟ್ಟುವ ಮೊದಲೇ ಸದ್ದು ಮಾಡುವ ಆಟೋಪ್ಲೇಯನ್ನು (ತಾನಾಗೇ ಶುರುವಾಗೋದನ್ನು) 2018ರಿಂದ ಕ್ರೋಮ್ ಬ್ರೌಸರ್ ಸಾಮಾನ್ಯವಾಗಿ ತಡೆಯುತ್ತೆ. ಆದರೆ ಕಂಪ್ಯೂಟರಲ್ಲಿ ಅದೇ ಸೈಟಿನ ಆಡಿಯೋ ಪದೇ ಪದೇ ಕೇಳಿದವರಿಗೆ ಬಿಟ್ಟುಕೊಡಬಹುದು. ಅದಕ್ಕೇ ನಿಮಗೆ ಕೇಳಿಸಿದ್ದು ಗಿರಾಕಿಗೆ ಕೇಳಿಸಲ್ಲ.

ಪುಟದ ಕೋಡಿನ ಆಡಿಯೋ ಟ್ಯಾಗಿಗೆ ಕಂಟ್ರೋಲ್ಸ್ (controls, ಅಂದರೆ ಪ್ಲೇ ಬಟನ್) ಕೊಡಿ, ಪ್ರಿಲೋಡನ್ನು ‘none’ ಮಾಡಿ (preload="none"). ಪ್ಲೇ ಒತ್ತುವವರೆಗೆ ಸಾಮಾನ್ಯವಾಗಿ ಫೈಲ್ ಇಳಿಯಲ್ಲ. ಘಾಟಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡ್ಕೊಂಡು ನೋಡೋರಿಗೆ ಇದು ಬಹಳ ಮುಖ್ಯ.

ಮಳೆ, ಜೀರುಂಡೆ ಸದ್ದಿನ ವೇವ್ (WAV) ಫೈಲನ್ನು ಹಾಗೇ ಏರಿಸಬೇಡಿ. ಸ್ಟೀರಿಯೋ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ. ಆಡಾಸಿಟಿ (Audacity) ಅನ್ನೋ ಆಡಿಯೋ ಎಡಿಟರಲ್ಲಿ 30 ಸೆಕೆಂಡಿಗೆ ಕತ್ತರಿಸಿ, ಎರಡೂ ತುದಿಗೆ ಫೇಡ್ (ಸದ್ದು ನಿಧಾನಕ್ಕೆ ಏರಿ ಇಳಿಯುವಂತೆ) ಕೊಟ್ಟು, 128 ಕೆಬಿಪಿಎಸ್ ಎಂಪಿ3 ಮಾಡಿ. ಅರ್ಧ ಎಂಬಿಯೊಳಗೆ ಮುಗಿಯುತ್ತೆ. ಬರೀ ಮಾತಾದರೆ ಮೊನೊ (ಒಂದೇ ಚಾನೆಲ್), 64 ಕೆಬಿಪಿಎಸ್ ಸಾಕು.

ಫೈಲ್ ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಸ್ಪೇಸ್ ಇಲ್ಲದೆ ಇರಲಿ. ಲಿನಕ್ಸ್ ಸರ್ವರ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಅಕ್ಷರ ಹೊಂದದಿದ್ದರೆ ವಿಂಡೋಸಲ್ಲಿ ಓಡಿದ್ದು ಅಲ್ಲಿ 404 (ಫೈಲ್ ಸಿಗಲಿಲ್ಲ) ತೋರಿಸುತ್ತೆ.

ಸಿನಿಮಾ ಹಾಡಿಗೆ ಲೈಸೆನ್ಸ್ ಬೇಕೇ ಬೇಕು. ‘ಕೃಪೆ’ ಅಂತ ಹೆಸರು ಹಾಕಿದರೆ ಅನುಮತಿ ಸಿಕ್ಕಂತಲ್ಲ.